ಮೊಗ್ರಾಲಿನ ಅಳಿವೆಯೂ ಐದು ಸಂಕಗಳೂ

2004ನೇ ಇಸವಿಯ ಮೇ ತಿಂಗಳಲ್ಲಿ ನಾನು ಒಂದು ಖಾಸಗಿ ವಿಮಾನ ಸಂಸ್ಥೆಯಲ್ಲಿ ಟ್ರೇನಿಂಗ್ ಕ್ಯಾಪ್ಟನ್ ಆಗಿದ್ದೆ. ವಯಸ್ಸು ಐವತ್ತು. ವಿಮಾನ ಹಾರಿಸುವುದರ ಜೊತೆಗೆ, ಬಲಗಡೆಯ ಸೀಟಿನಲ್ಲಿ ಕೂರುವ ಫಸ್ಟ್ ಆಫೀಸರುಗಳ, ಅಂದರೆ ಸಹಪೈಲಟ್‌ಗಳ ಕೆಲಸವನ್ನು ನೋಡಿ ವರದಿ ಬರೆಯುವುದೂ ನನ್ನ ಹೊಣೆಯಾಗಿತ್ತು. ನನ್ನ ಪೆನ್ನಿಗೆ ಹುಡುಗರೆಲ್ಲ ಹೆದರುತ್ತಾರೆ ಎಂಬ ಮಾತು ಕಿವಿಗೆ ಬಿದ್ದಿತ್ತು. ನಿಜ ಹೇಳಬೇಕೆಂದರೆ ಅದರಿಂದ ನನಗೆ ಸ್ವಲ್ಪ ಖುಷಿಯೇ ಆಗಿತ್ತು.

ನನ್ನ ಊರು ಕಾಸರಗೋಡು ಜಿಲ್ಲೆಯ ಮೊಗ್ರಾಲ್. ಅಪ್ಪ ಅಲ್ಲಿನ ಹೊಳೆಯ ಕಡವಿನಲ್ಲಿ ದೋಣಿ ನಡೆಸುತ್ತಿದ್ದರು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಕಡಲು ಮರಳು ತಂದು ಒಡ್ಡಿ ಅಳಿವೆಯ ಬಾಯಿಯನ್ನು ಮುಚ್ಚಿಬಿಡುತ್ತದೆ. ಹೊಳೆ ಕಡಲಿಗೆ ಸೇರುವ ಆ ಜಾಗವನ್ನು ಮೊದಲ ಮಳೆಗೆ ಊರವರೇ ಹಾರೆ ಗುದ್ದಲಿ ಹಿಡಿದು ಕಡಿಯಬೇಕು. ಇಲ್ಲದಿದ್ದರೆ ನೀರು ತಿರುಗಿ ಮನೆಯಂಗಳಕ್ಕೆ ಬರುತ್ತದೆ. ಹತ್ತನೇ ಕ್ಲಾಸಿನಿಂದ ವಾಯುಪಡೆಗೆ ಸೇರುವವರೆಗೂ ಪ್ರತಿವರ್ಷ ಅಳಿವೆ ಕಡಿಯುವ ಗುಂಪಿನಲ್ಲಿ ನಾನೂ ಇದ್ದೆ. ಆಮೇಲೆ ಸಾಮಾನು ಸಾಗಿಸುವ ವಿಮಾನಗಳನ್ನು ಹಾರಿಸಿ, ಅಲ್ಲಿಂದ ಪ್ರಯಾಣಿಕರ ಜೆಟ್ಟಿಗೆ ಬಂದೆ. ಊರಲ್ಲಿ ನನ್ನ ಹೆಸರು ಪೈಲಟ್ ಸುಂದರಣ್ಣ. ರಜೆಯಲ್ಲಿ ಹೋದಾಗ ಹೆದ್ದಾರಿ ಪಕ್ಕದ ಚಾದಂಗಡಿಯಲ್ಲಿ ಕೂತು, ಮೇಲಿನಿಂದ ನೋಡಿದರೆ ನಮ್ಮ ಅಳಿವೆ ಹೇಗೆ ಕಾಣುತ್ತದೆ ಎಂದು ಬಾಯ್ತುಂಬ ವರ್ಣಿಸುತ್ತಿದ್ದೆ. ಮುಂಬಯಿಯಿಂದ ಮಂಗಳೂರಿಗೆ ಬರುವ ವಿಮಾನ ಉತ್ತರದಿಂದಲೇ ಬಂದು ಇಳಿಯುತ್ತದೆ, ಮೊಗ್ರಾಲಿನ ಮೇಲೆ ಬರುವುದೇ ಇಲ್ಲ ಎಂಬುದು ಕೇಳುವವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಆ ದಿನ ನನ್ನ ಬಲಗಡೆ ಕೂತಿದ್ದವರು ಶೈಲಜಾ. ಇಪ್ಪತ್ತೇಳು ವರ್ಷದ ಹೆಣ್ಣುಮಗಳು. ಮೂಲ ಪೆರ್ಲದವರಾದರೂ, ತಂದೆ ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದುದರಿಂದ ಬೆಳೆದದ್ದು ಕಾಸರಗೋಡು ಪೇಟೆಯಲ್ಲಿ, ಕಾಲೇಜು ಓದಿದ್ದು ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ಬಂದು. ಸ್ಕಾಲರ್‌ಶಿಪ್ ಹಿಡಿದು ಪೈಲಟ್ ಲೈಸೆನ್ಸ್ ಪಡೆದಿದ್ದರು. ಹಾರಿಸುವ ಕೈ ಒಳ್ಳೆಯದು, ಓದಿನಲ್ಲಿ ಮುಂದು. ಆದರೆ ಬಾಯಿ ಇಲ್ಲ ಎಂಬುದು ಅವರ ಮೇಲಿದ್ದ ದೂರು.

ಇದನ್ನು ಸ್ವಲ್ಪ ವಿವರಿಸಬೇಕು. ವಿಮಾನದಲ್ಲಿ ಇಬ್ಬರು ಪೈಲಟ್‌ಗಳಿದ್ದರೂ ಒಂದು ಸಮಯಕ್ಕೆ ಹಾರಿಸುವವರು ಒಬ್ಬರೇ. ಇನ್ನೊಬ್ಬರ ಕೆಲಸಕ್ಕೆ ಮಾನಿಟರಿಂಗ್ ಎನ್ನುತ್ತಾರೆ. ವೇಗ, ಎತ್ತರ, ದಿಕ್ಕು ಎಲ್ಲವನ್ನೂ ನೋಡುತ್ತ, ಎಲ್ಲಿ ತಪ್ಪಿತೋ ಅಲ್ಲಿ ಗಟ್ಟಿಯಾಗಿ ಹೇಳುವುದು. ಹಾರಿಸುವವನು ಎಷ್ಟೇ ದೊಡ್ಡ ಕ್ಯಾಪ್ಟನ್ ಆಗಿರಲಿ, ಹೇಳಲೇಬೇಕು. ಹಿಂದಿನ ಆರು ತಿಂಗಳಲ್ಲಿ ಎರಡು ಸಲ, ಕ್ಯಾಪ್ಟನ್‌ಗಳು ವೇಗ ಹೆಚ್ಚಾಗಿ ಇಳಿಯುತ್ತಿದ್ದಾಗ ಶೈಲಜಾ ಸುಮ್ಮನೆ ಕೂತಿದ್ದರು ಎಂದು ದಾಖಲಾಗಿತ್ತು. ಸಂಸ್ಥೆ ಅವರಿಗೆ ಆರು ಹಾರಾಟಗಳ ಕೊನೆಯ ಅವಕಾಶ ಕೊಟ್ಟಿತ್ತು. ಐದು ಮುಗಿದಿದ್ದವು. ಆರನೆಯದು ನನ್ನ ಜೊತೆ. ಹೊರಡುವ ಹಿಂದಿನ ದಿನ ತರಬೇತಿ ವಿಭಾಗದ ಮುಖ್ಯಸ್ಥರು ಫೋನಿನಲ್ಲಿ ನನಗೆ, "ಕ್ಯಾಪ್ಟನ್, ನೀವು ಬರೆದದ್ದೇ ಕೊನೆ. ನೀವು ಬೇಡ ಅಂದರೆ ಆಕೆ ಮನೆಗೆ," ಎಂದಿದ್ದರು. ಅದು ಶೈಲಜಾಗೂ ಗೊತ್ತಿತ್ತು.

ಬೆಳಿಗ್ಗೆ ಆರಕ್ಕೆ ಮುಂಬಯಿ ಬಿಟ್ಟೆವು. ಒಳಗೆ ನೂರ ಹದಿನೆಂಟು ಪ್ರಯಾಣಿಕರು. ಮಂಗಳೂರಿನ ಮೇಲೆ ಬಂದಾಗ ನಿಲ್ದಾಣವಿದ್ದ ಗುಡ್ಡ ಮಂಜಿನಲ್ಲಿ ಮುಳುಗಿತ್ತು. ಅರ್ಧ ಗಂಟೆ ಸುತ್ತು ಹೊಡೆದು, ಮಂಜು ಬಿಡುವ ಲಕ್ಷಣ ಕಾಣದೆ ದಕ್ಷಿಣಕ್ಕೆ ಹೋಗಿ ಕಲ್ಲಿಕೋಟೆಯಲ್ಲಿ ಇಳಿದೆವು. ಪ್ರಯಾಣಿಕರು ಒಳಗೇ ಕೂತರು. ಒಬ್ಬರ ಮನೆಯ ಮದುವೆ ಮುಹೂರ್ತ ಹತ್ತೂವರೆಗೆ ಎಂದು ಗಗನಸಖಿ ಬಂದು ಮೂರು ಸಲ ಹೇಳಿ ಹೋದಳು. ಒಂಬತ್ತೂವರೆಗೆ ಮಂಗಳೂರಿನಿಂದ ಆಕಾಶ ತಿಳಿಯಾಯಿತೆಂಬ ಸುದ್ದಿ ಬಂತು. ಹತ್ತಕ್ಕೆ ಹತ್ತು ನಿಮಿಷ ಇರುವಾಗ ಮತ್ತೆ ಮೇಲೆದ್ದು ಹನ್ನೆರಡು ಸಾವಿರ ಅಡಿಯಲ್ಲಿ ಕರಾವಳಿ ಹಿಡಿದು ಉತ್ತರಕ್ಕೆ ಹೊರಟೆವು.

ಕಣ್ಣೂರು ದಾಟುವಾಗ ನಮ್ಮಿಬ್ಬರ ಮುಂದಿನ ಪರದೆಗಳಿಂದಲೂ ನಕ್ಷೆ ಮಾಯವಾಯಿತು. ದಾರಿ ತೋರಿಸುವ ಕಂಪ್ಯೂಟರ್ ಕೈಕೊಟ್ಟಿತ್ತು. ವಿಮಾನ ಹಾರುವುದಕ್ಕೆ ಅದರಿಂದ ತೊಂದರೆಯೇನೂ ಇಲ್ಲ. ಎಂಜಿನ್, ವೇಗಮಾಪಕ, ಎತ್ತರಮಾಪಕ ಎಲ್ಲ ಸರಿಯಿದ್ದವು. ಅಂಥ ಹೊತ್ತಿನಲ್ಲಿ ನಿಲ್ದಾಣದ ರೇಡಿಯೊ ಸಂಕೇತ ಹಿಡಿದು ದೂರ ತಿಳಿದುಕೊಳ್ಳಬಹುದು. ಆದರೆ ನಿಲ್ದಾಣದವರು ನಮಗೆ ಮೊದಲೇ ತಿಳಿಸಿದ್ದಂತೆ ಅದನ್ನು ಆ ಬೆಳಿಗ್ಗೆ ನಿಗದಿತ ತಪಾಸಣೆಗಾಗಿ ನಿಲ್ಲಿಸಿದ್ದರು. ಟವರಿನವರಿಗೂ ನಾವು ಕಣ್ಣಿಗೆ ಬೀಳುವವರೆಗೆ ನಮ್ಮ ಮಾತೇ ಆಧಾರ. ಕಲ್ಲಿಕೋಟೆಗೆ ತಿರುಗಿ ಹೋಗಬಹುದಿತ್ತು. ಇಲ್ಲವೇ ವಿಶುಯಲ್ ಅಪ್ರೋಚ್, ಅಂದರೆ ಕಣ್ಣಿನಿಂದಲೇ ನೆಲದ ಗುರುತು ಹಿಡಿದು ಹೋಗಿ ಇಳಿಯಬಹುದಿತ್ತು. ಹಗಲು, ಒಳ್ಳೆಯ ಬೆಳಕು, ನಿಯಮ ಅದಕ್ಕೆ ಅಡ್ಡಿ ಬರುವುದಿಲ್ಲ.

ಹುಟ್ಟಿದೂರಿನ ಮೇಲೆ ಹಾರಿ ಇಳಿಯುವ ಯೋಗ ಅಷ್ಟು ವರ್ಷಕ್ಕೆ ಕೂಡಿ ಬಂದಿತ್ತು. ನಾನು ಬಿಡುತ್ತೇನೆಯೇ?

"ಶೈಲಜಾ, ಬರ್ಕೊಳ್ಳಿ," ಎಂದೆ. ವಿಮಾನ ಸರಿಯಾಗಿ ಇಳಿಯಬೇಕಾದರೆ ಸುಮಾರು ಮೂರು ಮೈಲಿಗೆ ಸಾವಿರ ಅಡಿಯಂತೆ ಎತ್ತರ ಕಳೆಯುತ್ತ ಬರಬೇಕು. ಉತ್ತರಕ್ಕೆ ಹೋಗುತ್ತ ನಮಗೆ ಸಿಗುವ ಅಳಿವೆಗಳನ್ನು ನಾನು ಒಂದೊಂದಾಗಿ ಹೇಳಿದೆ. ಚಂದ್ರಗಿರಿ ಒಂಬತ್ತು ಸಾವಿರ ಅಡಿ. ಮೊಗ್ರಾಲ್ ಎಂಟು. ಶಿರಿಯ ಏಳು. ಉಪ್ಪಳ ಆರು. ಮಂಜೇಶ್ವರ ಐದು. ಕೊನೆಗೆ ನೇತ್ರಾವತಿ ಮೂರು. ಅಲ್ಲಿಂದ ಎಡಕ್ಕೆ ಕಡಲಿನ ಮೇಲೆ ಹೋಗಿ, ಬಲಕ್ಕೆ ತಿರುಗಿ, ಪೂರ್ವಕ್ಕೆ ಮುಖಮಾಡಿ ಇಳಿಯುವುದು. ಮೊಳಕಾಲಿಗೆ ಕಟ್ಟಿಕೊಂಡ ಪ್ಯಾಡಿನ ಮೇಲೆ ಅವರು ಎಲ್ಲವನ್ನೂ ಬರೆದುಕೊಂಡರು. ಕಂಪ್ಯೂಟರೇ ಬೇಡ, ನೋಡಿ ಹೇಗೆ ಇಳಿಸುತ್ತೇನೆ ಎಂಬ ಹುಮ್ಮಸ್ಸು ನನ್ನ ದನಿಯಲ್ಲಿ ಇದ್ದಿರಬೇಕು. ಅವರು ಒಂದು ಮಾತೂ ಆಡಲಿಲ್ಲ. ಈಕೆಗೆ ಬಾಯಿಲ್ಲ ಎಂಬ ದೂರು ನನಗೆ ಆಗ ನೆನಪಾಯಿತು, ವರದಿಯಲ್ಲಿ ಏನು ಬರೆಯಬೇಕೆಂದು ಮನಸ್ಸಿನಲ್ಲೇ ಒಂದು ವಾಕ್ಯ ಹೊಂದಿಸಿಕೊಂಡೂ ಇಟ್ಟೆ.

ಮೇ ತಿಂಗಳ ಸಣ್ಣ ಸಣ್ಣ ಮೋಡಗಳು ಅಲ್ಲಲ್ಲಿ ನೆಲವನ್ನು ಮರೆಮಾಡಿದ್ದವು. ರೈಲುಹಳಿಯ ಮೇಲೆಯೇ ನಮ್ಮ ದಾರಿ. ನನ್ನ ಎಡಗಡೆಯ ಕಿಟಕಿಯಲ್ಲಿ ಕಡಲತೀರ, ಅವರ ಬಲಗಡೆಯ ಕಿಟಕಿಯಲ್ಲಿ ಹೆದ್ದಾರಿ ಮತ್ತು ಒಳನಾಡು. ಚಂದ್ರಗಿರಿಯ ಅಗಲವಾದ ಅಳಿವೆ ಚೆನ್ನಾಗಿ ಕಂಡಿತು. ಒಂಬತ್ತು ಸಾವಿರ ಅಡಿ, ಸರಿಯಾಗಿ ಹೊಂದಿತು. ಎಂಟು ಸಾವಿರಕ್ಕೆ ಇಳಿದು ನಮ್ಮೂರಿನ ಅಳಿವೆಗಾಗಿ ಎಡಗಡೆ ಕಣ್ಣು ನೆಟ್ಟು ಕೂತೆ. ತೀರ ಉದ್ದಕ್ಕೆ ಬೆಳ್ಳಗೆ ಮಲಗಿತ್ತು.

"ಸರ್, ಮೊಗ್ರಾಲ್ ಸಂಕ ದಾಟ್ತಾ ಉಂಟು," ಎಂದರು ಶೈಲಜಾ. ಸಂಕ ಎಂದರೆ ನಮ್ಮ ಕಡೆ ಸೇತುವೆ.

ನಾನು ಎಡಗಡೆ ನೋಡಿದೆ. ಎಲ್ಲಿದೆ ಅಳಿವೆ? ಮರಳು, ನೊರೆ, ತೆಂಗಿನ ತೋಟ, ಮತ್ತೆ ಮರಳು.

"ಎಂತ ಮಾರಾಯ್ತಿ, ನನ್ನ ಊರಿನ ಅಳಿವೆ ನನಗೆ ಗೊತ್ತಾಗುದಿಲ್ವಾ? ಇನ್ನೂ ಬರ್ಲಿಲ್ಲ ಅದು."

"ಓಕೆ ಸರ್," ಎಂದರು. ಅಷ್ಟೇ. ಆಮೇಲೆ ಬಾಯಿ ತೆರೆಯಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಎಡಗಡೆ ಒಂದು ಅಳಿವೆ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ, "ನೋಡಿ, ಇದು ಮೊಗ್ರಾಲ್," ಎಂದು ಅವರಿಗೆ ತೋರಿಸಿದೆ. ಅಪ್ಪ ಈಗ ದೋಣಿಯಲ್ಲಿರಬಹುದು ಎಂದೂ ಹೇಳಿದೆ. ನಾವು ಎಂಟು ಸಾವಿರದಲ್ಲಿದ್ದೆವು. ಮುಂದಿನದು ಬಂದಾಗ ಏಳು, ಅದರ ಮುಂದಿನದು ಬಂದಾಗ ಆರು. ನನ್ನ ಲೆಕ್ಕದಲ್ಲಿ ಉಪ್ಪಳ ದಾಟಿತ್ತು. ಐದು ಸಾವಿರಕ್ಕೆ ಇಳಿದು ಮಂಜೇಶ್ವರಕ್ಕಾಗಿ ಕಾಯುತ್ತ ಅದೇ ಎತ್ತರದಲ್ಲಿ ನೇರ ಹೋದೆ. ಮಂಜೇಶ್ವರ ಬರಲೇ ಇಲ್ಲ. ಮೋಡದ ತುಣುಕೊಂದು ಸರಿದದ್ದೇ, ಕಣ್ಣೆದುರು ಎರಡು ಹೊಳೆ ಕೂಡಿದ ವಿಶಾಲವಾದ ಅಳಿವೆ, ಉದ್ದನೆಯ ಸೇತುವೆಗಳು, ಅದರಾಚೆ ಪೇಟೆ. ನೇತ್ರಾವತಿ. ಮೂರು ಸಾವಿರ ಅಡಿಯಲ್ಲಿ ಇರಬೇಕಾದಲ್ಲಿ ನಾವು ಐದು ಸಾವಿರದಲ್ಲಿದ್ದೆವು.

ಇಲ್ಲಿ ಮಾಡಬೇಕಾದದ್ದು ಏನು ಎಂದು ಪಾಠ ಹೇಳುವ ಕೆಲಸ ನನ್ನದೇ ಆಗಿತ್ತು. ಕಡಲಿನ ಮೇಲೆ ಇನ್ನೂ ಐದಾರು ಮೈಲಿ ಹೋಗಿ, ಸುತ್ತು ಹಾಕಿ, ಎತ್ತರ ಕಳೆದುಕೊಂಡು ನಿಧಾನವಾಗಿ ಬರಬೇಕು. ನಾಲ್ಕು ನಿಮಿಷದ ಕೆಲಸ. ಆದರೆ ಈಗಷ್ಟೇ ಜಂಬ ಕೊಚ್ಚಿದವನು, ಪಕ್ಕದಲ್ಲಿ ಪರೀಕ್ಷೆಗೆ ಕೂತ ಸಹಪೈಲಟ್, ಹಿಂದೆ ಮುಹೂರ್ತ ತಪ್ಪಿಹೋಗುತ್ತಿರುವ ಪ್ರಯಾಣಿಕ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು, ಆ ಸಿಟ್ಟನ್ನು ವಿಮಾನದ ಮೇಲೆ ತೀರಿಸಿಕೊಂಡೆ. ಚಕ್ರ ಇಳಿಸಿದೆ, ರೆಕ್ಕೆಯ ಮೇಲಿನ ಬ್ರೇಕು ಹಲಗೆಗಳನ್ನು ಎತ್ತಿದೆ, ಮೂಗು ತಗ್ಗಿಸಿದೆ.

ಅಂದಿನ ಮಂಗಳೂರು ನಿಲ್ದಾಣದ ಬಗ್ಗೆ ಎರಡು ಮಾತು ಹೇಳದಿದ್ದರೆ ಇದರ ಅಪಾಯ ತಿಳಿಯದು. ಅದು ಒಂದು ಪದವಿನ ಮೇಲಿದೆ, ಅಂದರೆ ನೆತ್ತಿ ಚಪ್ಪಟೆಯಾದ ಕೆಂಪು ಮುರಕಲ್ಲಿನ ಗುಡ್ಡದ ಮೇಲೆ. ಆಗಿನ ಹಳೆಯ ರನ್‌ವೇ ಉದ್ದ ಸುಮಾರು ಸಾವಿರದ ಆರುನೂರು ಮೀಟರ್ ಮಾತ್ರ. ನಮ್ಮದು ಹತ್ತಿರಹತ್ತಿರ ಐವತ್ತು ಟನ್ ತೂಕದ ವಿಮಾನ. ರನ್‌ವೇ ಮುಗಿದಲ್ಲಿ ನೆಲವೂ ಮುಗಿಯುತ್ತದೆ, ಆಚೆ ಕಣಿವೆ. ಆದ್ದರಿಂದ ಅಲ್ಲಿ ರನ್‌ವೇಯ ಮೊದಲ ಭಾಗದಲ್ಲೇ, ಸರಿಯಾದ ವೇಗದಲ್ಲೇ ಚಕ್ರ ಊರಬೇಕು. ನಮ್ಮ ಆ ದಿನದ ತೂಕಕ್ಕೆ ವೇಗ ನೂರ ಮೂವತ್ತೈದು ನಾಟ್, ಗಂಟೆಗೆ ಇನ್ನೂರೈವತ್ತು ಕಿಲೋಮೀಟರ್. ನೆಲದಿಂದ ಐನೂರು ಅಡಿ ಎತ್ತರಕ್ಕೆ ಬರುವಾಗ ವೇಗ, ಇಳಿಜಾರು, ದಿಕ್ಕು ಮೂರೂ ಸರಿಯಿಲ್ಲದಿದ್ದರೆ ಇಳಿಯಬಾರದು, ಗೋ ಅರೌಂಡ್ ಮಾಡಬೇಕು. ಎಂದರೆ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮತ್ತೆ ಮೇಲೆ ಹೋಗುವುದು. ಇದಕ್ಕೆ ರಿಯಾಯಿತಿ ಇಲ್ಲ.

ಬಲಕ್ಕೆ ತಿರುಗುವಾಗ ಎಡಗಡೆಯ ಸೀಟಿನವನಿಗೆ ರನ್‌ವೇ ಕಾಣುವುದಿಲ್ಲ. ಬಲಗಡೆಯವರೇ ನೋಡಿ ಹೇಳಬೇಕು.

"ರನ್‌ವೇ ಕಾಣ್ತಾ ಉಂಟು ಸರ್. ನಾವು ಮೇಲೆ ಇದ್ದೇವೆ," ಎಂದರು ಶೈಲಜಾ. ದನಿ ಸಣ್ಣದಿತ್ತು.

"ಗೊತ್ತುಂಟು."

ತಿರುವು ಮುಗಿದು ರನ್‌ವೇ ನೇರಕ್ಕೆ ಬಂತು. ಅದರ ಪಕ್ಕದಲ್ಲಿ ನಾಲ್ಕು ದೀಪಗಳು ಸಾಲಾಗಿರುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪಾದರೆ ತೀರ ಕೆಳಗೆ, ನಾಲ್ಕೂ ಬಿಳಿಯಾದರೆ ತೀರ ಮೇಲೆ. ನನ್ನ ಎದುರು ನಾಲ್ಕೂ ಬಿಳಿ. ನಿಮಿಷಕ್ಕೆ ಸಾವಿರದ ಆರುನೂರು ಅಡಿಯಂತೆ ಬೀಳುತ್ತಿದ್ದೆವು. ವೇಗ ನೂರ ಅರವತ್ತೈದು.

"ಸ್ಪೀಡ್," ಎಂದರು.

"ಕಡಿಮೆ ಆಗ್ತದೆ," ಎಂದೆ.

"ಫೈವ್ ಹಂಡ್ರೆಡ್. ಸರಿ ಇಲ್ಲ ಸರ್. ಗೋ ಅರೌಂಡ್."

ನಾನು ಕೇಳಿದೆ. ಕೇಳಿಯೂ ಕೇಳದವನ ಹಾಗೆ ಕೂತೆ. ಆಗುತ್ತದೆ, ಇನ್ನೊಂದು ಐದು ಸೆಕೆಂಡಿನಲ್ಲಿ ವೇಗ ಬೀಳುತ್ತದೆ, ಗಟ್ಟಿಯಾಗಿ ಊರಿ ಬ್ರೇಕು ಒತ್ತಿದರೆ ನಿಲ್ಲುತ್ತದೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಲೇ ಇತ್ತು. ಈ ವೃತ್ತಿಯಲ್ಲಿ ಸತ್ತವರಲ್ಲಿ ಎಷ್ಟೋ ಜನರ ತಲೆ ಕೊನೆಯವರೆಗೂ ಇದೇ ಲೆಕ್ಕ ಹಾಕಿರಬೇಕು.

ಆಗ ಬಲಗಡೆಯಿಂದ ಒಂದು ದನಿ ಬಂತು. ಕಾಕ್‌ಪಿಟ್ಟಿನಲ್ಲಿ ಅಂಥ ದನಿಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹಿಂದಿನ ಬಾಗಿಲಲ್ಲಿ ನೇತಾಡುವವರಿಗೂ ಕೇಳುವ ಹಾಗೆ, ತುಂಬಿದ ಬಸ್ಸಿನ ಆ ತುದಿಯಿಂದ ಈ ತುದಿಗೆ ಮುಟ್ಟಿಸುವ ಕಂಡಕ್ಟರನ ದನಿ.

"ಬೇಡ ಸರ್! ಮೇಲೆ ಹೋಗಿ! ಗೋ ಅರೌಂಡ್!"

ಅವರ ಎಡಗೈ ಎಂಜಿನಿನ ಲಿವರುಗಳ ಮೇಲಿದ್ದ ನನ್ನ ಕೈಯ ಹಿಂದೆ ಬಂದು ನಿಂತಿತ್ತು. ಇನ್ನು ನಾನು ತಳ್ಳದಿದ್ದರೆ ತಾನೇ ತಳ್ಳುವುದೆಂದು ತೀರ್ಮಾನಿಸಿದ ಕೈ ಅದು. ನಿದ್ದೆಯಿಂದ ಎದ್ದವನಂತೆ ನಾನು ಲಿವರುಗಳನ್ನು ಪೂರ್ತಿ ಮುಂದಕ್ಕೆ ತಳ್ಳಿ ಮೂಗು ಎತ್ತಿದೆ. ಎಂಜಿನ್‌ಗಳು ಗರ್ಜಿಸಿದವು. ಚಕ್ರಗಳು ಒಳಗೆ ಹೋದವು. ರನ್‌ವೇ ನಮ್ಮ ಕೆಳಗೆ ಸರಸರನೆ ಹಿಂದಕ್ಕೆ ಹೋಯಿತು, ಆಮೇಲೆ ಅದರ ಪೂರ್ವದ ತುದಿ, ಆಮೇಲೆ ಕಣಿವೆಯ ಹಸಿರು.

ಮೂರು ಸಾವಿರ ಅಡಿಗೆ ಹೋಗಿ ನೇರವಾದೆವು. ಇನ್ನೊಂದು ಪ್ರಯತ್ನಕ್ಕೂ, ಅದೂ ಆಗದಿದ್ದರೆ ಕಲ್ಲಿಕೋಟೆಗೆ ಮರಳುವುದಕ್ಕೂ ಸಾಕಷ್ಟು ಇಂಧನವಿತ್ತು. ಪ್ರಯಾಣಿಕರಿಗೆ ಮೈಕಿನಲ್ಲಿ, ಇಳಿಯುವ ಎತ್ತರ ಸರಿಯಿರಲಿಲ್ಲ, ಇನ್ನೊಮ್ಮೆ ಬರುತ್ತೇವೆ, ಗಾಬರಿ ಬೇಡ ಎಂದು ಹೇಳಿದೆ. ಆಮೇಲೆ ಬಲಗಡೆ ತಿರುಗಿ, "ಶೈಲಜಾ, ಈ ಸಲ ನನ್ನ ಕಣ್ಣು ನೀವೇ. ಕಂಡದ್ದನ್ನೆಲ್ಲ ಹೇಳ್ತಾ ಇರಿ. ನಾನು ಸುಮ್ಮನಿರಿ ಅಂದ್ರೂ ನಿಲ್ಲಿಸ್ಬೇಡಿ," ಎಂದೆ.

ಅವರು ನಿಲ್ಲಿಸಲಿಲ್ಲ. ಕಡಲಿನ ಮೇಲೆ ಆರು ಮೈಲಿ ಹೋಗಿ ತಿರುಗಿದೆವು. "ರನ್‌ವೇ ಬಲಕ್ಕೆ, ಈಗ ರೆಕ್ಕೆಯ ತುದಿಯಲ್ಲಿ. ಈಗ ಸ್ವಲ್ಪ ಮುಂದೆ. ತಿರುಗಿಸ್ಬಹುದು ಸರ್. ಎತ್ತರ ಸರಿ. ಎರಡು ಬಿಳಿ, ಎರಡು ಕೆಂಪು. ಸ್ಪೀಡ್ ನೂರ ಮೂವತ್ತೇಳು. ಫೈವ್ ಹಂಡ್ರೆಡ್, ಎಲ್ಲ ಸರಿ ಉಂಟು." ನನಗೆ ಕಾಣದ ರನ್‌ವೇಯನ್ನು ಅವರ ಮಾತಿನಲ್ಲೇ ನೋಡುತ್ತ ತಿರುಗಿಸಿದೆ. ಹತ್ತು ಗಂಟೆ ನಲವತ್ತಾರು ನಿಮಿಷಕ್ಕೆ, ಊರಬೇಕಾದಲ್ಲೇ ಚಕ್ರ ಊರಿತು. ಹಿಂದೆ ಪ್ರಯಾಣಿಕರು ಚಪ್ಪಾಳೆ ತಟ್ಟಿದ್ದು ಬಾಗಿಲಾಚೆಯಿಂದ ಕೇಳಿಸಿತು. ಅದು ಯಾರಿಗೆ ಸಲ್ಲಬೇಕೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಎಲ್ಲರೂ ಇಳಿದ ಮೇಲೆ ಕಾಕ್‌ಪಿಟ್ಟಿನಲ್ಲಿ ನಾವಿಬ್ಬರೇ ಉಳಿದೆವು. ನನ್ನ ಮುಂದೆ ಎರಡು ಕಾಗದಗಳಿದ್ದವು. ಒಂದು, ಗೋ ಅರೌಂಡ್ ಏಕಾಯಿತೆಂದು ಬರೆಯುವ ನಮೂನೆ. ಇನ್ನೊಂದು, ಶೈಲಜಾ ಅವರ ಬಗ್ಗೆ ನಾನು ಕೊಡಬೇಕಾದ ವರದಿ. ಮೊದಲನೆಯದರಲ್ಲಿ ಗಾಳಿ ಎಂಬ ಪದ ಬರೆಯಲು ನನ್ನ ಪೆನ್ನು ಕಾಗದ ಮುಟ್ಟಿತ್ತು. ಬೆನ್ನ ಹಿಂದಿನ ಗಾಳಿ ಎಂದು ಬರೆದರೆ ಯಾರೂ ಕೇಳುವುದಿಲ್ಲ. ಆದರೆ ಗಾಳಿಯ ದೆಸೆಯಿಂದ ಆದ ಗೋ ಅರೌಂಡ್ ಎಂದಾದರೆ, ಅದರಲ್ಲಿ ಆಕೆಯ ಪಾತ್ರವೇ ಇರುವುದಿಲ್ಲ. ಆಕೆ ಬಾಯಿ ಬಿಟ್ಟದ್ದಕ್ಕೆ ದಾಖಲೆಯೇ ಉಳಿಯುವುದಿಲ್ಲ.

ಅಷ್ಟರಲ್ಲಿ ಅವರೇ ಮಾತಾಡಿದರು. "ಸರ್, ಕ್ಯಾಪ್ಟನಿಗೆ ಹಾಗೆ ಕಿರುಚಬಾರದಿತ್ತು ನಾನು. ಕೈ ಕೂಡ ಹಾಕ್ಲಿಕ್ಕೆ ಬಂದೆ. ನೀವು ಎಂತ ಬರೆದ್ರೂ ನನಗೆ ಬೇಜಾರಿಲ್ಲ." ಕಣ್ಣು ತುಂಬಿತ್ತು, ಆದರೆ ಅಳಲಿಲ್ಲ.

ನನಗೆ ನಾಚಿಕೆಯಾಯಿತು. ಪೆನ್ನು ಕೆಳಗಿಟ್ಟು ಕೇಳಿದೆ: "ಮೊಗ್ರಾಲ್ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಸಂಕ ಎಣಿಸಿದೆ ಸರ್. ಅಪ್ಪ ಬಸ್ಸಲ್ಲಿ ಹೇಳ್ತಾ ಇದ್ರು, ಕಾಸರಗೋಡಿನಿಂದ ಹೊರಟ್ರೆ ಮೊಗ್ರಾಲ್ ಸಂಕದ ಒಳಗೆ ಟಿಕೆಟ್ ಹರಿದು ಮುಗೀಬೇಕು, ಇಲ್ಲದಿದ್ರೆ ಕುಂಬಳೆಯಲ್ಲಿ ಜನ ಹತ್ತಿದ ಮೇಲೆ ಯಾರದ್ದು ಆಯ್ತು ಯಾರದ್ದು ಇಲ್ಲ ಗೊತ್ತಾಗುದಿಲ್ಲ ಅಂತ. ಕಾಲೇಜಿಗೆ ಹೋಗುವಾಗ ನಾನೂ ಸಂಕ ಎಣಿಸಿಯೇ ಓದಿಕೊಳ್ತಾ ಇದ್ದದ್ದು. ಇವತ್ತು ಮೊಗ್ರಾಲಿನಿಂದ ನೇತ್ರಾವತಿವರೆಗೆ ಐದೂ ಬಂತು ಸರ್. ನಿಮ್ಮ ಅಳಿವೆ ಮಾತ್ರ ನಾಲ್ಕೇ ಬಂತು."

ಆಗ ನನಗೆ ಹೊಳೆಯಿತು. ಮೇ ತಿಂಗಳು. ಮಳೆ ಬಂದಿಲ್ಲ. ಮೊಗ್ರಾಲಿನ ಅಳಿವೆ ಮುಚ್ಚಿದೆ! ಎಷ್ಟೋ ಬೇಸಿಗೆಗಳಲ್ಲಿ ಇದೇ ಮರಳಿನ ಮೇಲೆ ನಿಂತು, ಅಂಗೈಯಲ್ಲಿ ಬೊಬ್ಬೆ ಎದ್ದರೂ ಬಿಡದೆ ಕಡಿದವನು ನಾನು. ಅಳಿವೆ ಬೇಸಿಗೆಯಲ್ಲಿ ಮುಚ್ಚುತ್ತದೆಂದು ಇಡೀ ವಿಮಾನದಲ್ಲಿ ಗೊತ್ತಿದ್ದವನು ಬಹುಶಃ ನಾನೊಬ್ಬನೇ. ಗೊತ್ತಿದ್ದೂ, ಚಾದಂಗಡಿಯಲ್ಲಿ ವರ್ಣಿಸಿ ವರ್ಣಿಸಿ ನನ್ನ ಮನಸ್ಸಿನಲ್ಲಿ ಕೂತಿದ್ದ ಅಳಿವೆಯನ್ನೇ ಕಿಟಕಿಯಲ್ಲಿ ಹುಡುಕಿದ್ದೆ. ಆ ಚಿತ್ರದಲ್ಲಿ ಅದು ವರ್ಷವಿಡೀ ತೆರೆದೇ ಇರುತ್ತಿತ್ತು. ಶಿರಿಯದ ಅಳಿವೆಯನ್ನು ನಮ್ಮೂರಿನದೆಂದು ತೋರಿಸಿ, ಅಲ್ಲಿ ಅಪ್ಪನನ್ನೂ ಕೂರಿಸಿದ್ದೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಆಕೆಯ ಬಾಯಿ ಬಿಡಿಸುವುದಕ್ಕೆ ನೇಮಕಗೊಂಡವನು ನಾನು. ಆಕೆ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಬಾಯಿ ಬಿಟ್ಟಾಗ ಒಂದೇ ಮಾತಿನಲ್ಲಿ ಮುಚ್ಚಿಸಿದವನೂ ನಾನು. ಹಿಂದಿನ ಎರಡು ಸಲ ಆಕೆ ಯಾಕೆ ಸುಮ್ಮನಿದ್ದಳೆಂದು ಯಾರೂ ಕೇಳಿರಲಿಲ್ಲ. ಆ ಕ್ಯಾಪ್ಟನ್‌ಗಳು ಏನು ಹೇಳಿದ್ದರೆಂದು ನಾನೂ ಕೇಳಿರಲಿಲ್ಲ.

ಮೊದಲನೆಯ ಕಾಗದದಲ್ಲಿ, ನೆಲದ ಗುರುತು ತಪ್ಪಾಗಿ ಹಿಡಿದು ಎತ್ತರ ಉಳಿಸಿಕೊಂಡದ್ದು ಕ್ಯಾಪ್ಟನ್‌ನ ದೋಷ, ಫಸ್ಟ್ ಆಫೀಸರ್ ಮೊದಲೇ ಎಚ್ಚರಿಸಿದ್ದನ್ನು ಕ್ಯಾಪ್ಟನ್ ತಳ್ಳಿಹಾಕಿದ್ದಾನೆ ಎಂದು ಬರೆದೆ. ಎರಡನೆಯದರಲ್ಲಿ, ಈ ಹಾರಾಟದಲ್ಲಿ ನೂರ ಹದಿನೆಂಟು ಪ್ರಯಾಣಿಕರನ್ನು ಮತ್ತು ನನ್ನನ್ನು ಕ್ಷೇಮವಾಗಿ ಇಳಿಸಿದ್ದು ಇವರ ದನಿ, ಇವರನ್ನು ಕೆಲಸದಲ್ಲಿ ಮುಂದುವರಿಸಬೇಕು ಎಂದು ಬರೆದೆ. ಎರಡನ್ನೂ ಓದಲು ಅವರ ಕೈಗೆ ಕೊಟ್ಟೆ. ಓದಿ ಮುಗಿಸಿ ಕಾಗದಗಳನ್ನು ನನ್ನ ಕೈಗೆ ಮರಳಿಸಿದರು. ಆಮೇಲೆ, "ಅಪ್ಪನಿಗೆ ಒಂದು ಫೋನ್ ಮಾಡ್ತೇನೆ ಸರ್," ಎಂದು ಎದ್ದುಹೋದರು.

ನನ್ನನ್ನು ಎರಡು ತಿಂಗಳು ತರಬೇತಿಯ ಕೆಲಸದಿಂದ ಇಳಿಸಿದರು. ಮತ್ತೆ ಸಿಮ್ಯುಲೇಟರಿನಲ್ಲಿ ಕೂತು ಪರೀಕ್ಷೆ ಕೊಟ್ಟೆ. ಆ ನಡುವೆ ರಜೆ ಹಾಕಿ ಊರಿಗೆ ಹೋದಾಗ ಮೊದಲ ಮಳೆ ಬಿದ್ದು ಅಳಿವೆ ಕಡಿಯುವ ಕೆಲಸ ನಡೆದಿತ್ತು. ಪ್ಯಾಂಟು ಮಡಚಿ ನಾನೂ ಗುದ್ದಲಿ ಹಿಡಿದೆ. ಎಂಬತ್ತು ದಾಟಿಯೂ ದೋಣಿ ಬಿಡದ ಅಪ್ಪ ಕೊಡೆ ಹಿಡಿದು ಮರಳಿನ ಮೇಲೆ ನಿಂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು ತುಳುವಿನಲ್ಲಿ ಹೇಳಿದ್ದರ ಸಾರ ಇಷ್ಟು: "ದಿನಾ ದೋಣಿ ದಾಟಿಸುವ ನಾನೇ ಬೆಳಿಗ್ಗೆ ಎದ್ದು ಅಳಿವೆ ಎಲ್ಲಿ ಉಂಟು ಅಂತ ನೋಡಿ ಹೋಗ್ತೇನೆ. ಎರಡು ವರ್ಷಕ್ಕೊಮ್ಮೆ ಬರುವ ನಿನಗೆ ನೋಡದೆಯೇ ಗೊತ್ತಾಗ್ತದಾ?" ಸ್ವಲ್ಪ ಹೊತ್ತಿನಲ್ಲಿ ಕಡಿದ ಕಾಲುವೆಯಿಂದ ಹೊಳೆಯ ನೀರು ನುಗ್ಗಿ ಕಡಲಿಗೆ ಬಿತ್ತು. ಎಲ್ಲರೂ ಕೂಗಿದರು, ನಾನೂ ಕೂಗಿದೆ.

ತರಬೇತಿಯ ಕೆಲಸಕ್ಕೆ ಮರಳಿದ ಮೇಲೆ ಒಂದು ಪದ್ಧತಿ ಶುರುಮಾಡಿದೆ. ನಿಯಮದ ಪುಸ್ತಕದಲ್ಲಿ ಅದಿಲ್ಲ. ಎಂಜಿನ್ ಚಾಲೂ ಮಾಡುವ ಮೊದಲು, ನೆಲದ ಮೇಲೆ ನಿಂತಿರುವಾಗಲೇ, ಪಕ್ಕದವರಿಂದ ಒಮ್ಮೆ ಗಟ್ಟಿಯಾಗಿ ಗೋ ಅರೌಂಡ್ ಎಂದು ಹೇಳಿಸುತ್ತಿದ್ದೆ. ಕೆಲವರಿಗೆ ನಗು, ಕೆಲವರಿಗೆ ಸಂಕೋಚ. ದನಿ ಸಾಲದು, ಬಸ್ಸಿನ ಹಿಂದಿನ ಬಾಗಿಲಿಗೆ ಕೇಳಬೇಕು ಎಂದು ಮತ್ತೊಮ್ಮೆ ಹೇಳಿಸುತ್ತಿದ್ದೆ. ಒಮ್ಮೆ ಬಾಯಿಂದ ಹೊರಬಿದ್ದ ಮಾತು ಅಗತ್ಯ ಬಿದ್ದಾಗ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಕ್ಯಾಪ್ಟನ್ ಆದವನು ಅದನ್ನು ಕೇಳಿಸಿಕೊಳ್ಳುವುದಕ್ಕೂ ಅಭ್ಯಾಸ ಬೇಕು. ಪಕ್ಕದವರ ಬಾಯಿಯನ್ನು ತೆರೆದಿಡುವುದು ಕ್ಯಾಪ್ಟನ್‌ನ ಕೆಲಸ ಎಂಬುದನ್ನು ನನ್ನ ವೃತ್ತಿ ನನಗೆ ಕಲಿಸಿತು, ತಡವಾಗಿಯಾದರೂ.

ನನ್ನ ಜೊತೆ ಇನ್ನೂ ಹಲವು ಸಲ ಹಾರಿದ ಶೈಲಜಾ ಮುಂದೆ ಕ್ಯಾಪ್ಟನ್ ಆದರು. ಬೇರೆ ಸಂಸ್ಥೆಗೆ ಹೋಗಿ ಟ್ರೇನಿಂಗ್ ಕ್ಯಾಪ್ಟನ್ನೂ ಆದರೆಂದು ಕೇಳಿದೆ. ವರ್ಷಕ್ಕೊಂದು ಫೋನು ಬಿಟ್ಟರೆ ಹೆಚ್ಚಿನ ಭೇಟಿ ಇರಲಿಲ್ಲ.

2019ರಲ್ಲಿ ಅರವತ್ತೈದು ತುಂಬುವ ವಾರ ನಾನು ಕೊನೆಯ ಸಲ ವಿಮಾನ ಹಾರಿಸಿದೆ. ಕೊಚ್ಚಿಯಿಂದ ಮಂಗಳೂರಿಗೆ. ಹೊಸ ರನ್‌ವೇ, ಹೊಸ ವಿಮಾನ, ಪರದೆಯ ತುಂಬ ನಕ್ಷೆ. ಪಕ್ಕದಲ್ಲಿದ್ದ ಸಹಪೈಲಟ್ ಆ ತಿಂಗಳಷ್ಟೇ ನಮ್ಮಲ್ಲಿಗೆ ಬಂದವನು, ನಾನು ಮೊದಲ ಸಲ ನೋಡುತ್ತಿದ್ದವನು. ಬೆಲ್ಟ್ ಕಟ್ಟಿಕೊಂಡು, ನನ್ನ ಮಾಮೂಲಿ ಮಾತನ್ನು ಎತ್ತಬೇಕೆಂದು ಗಂಟಲು ಸರಿಮಾಡಿಕೊಳ್ಳುವುದರೊಳಗೆ ಅವನೇ ನೆಟ್ಟಗೆ ಕೂತು, "ಗೋ ಅರೌಂಡ್!" ಎಂದು ಕಿವಿ ಕಿವುಡಾಗುವ ಹಾಗೆ ಕೂಗಿದ. ನಾನು ಬೆಚ್ಚಿ ನೋಡಿದೆ.

"ಸಾರಿ ಸರ್," ಎಂದ. "ಹಿಂದಿನ ಕಂಪನಿಯಲ್ಲಿ ಶೈಲಜಾ ಮೇಡಂ ಟ್ರೇನಿಂಗ್ ಕೊಟ್ಟದ್ದು. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಇದನ್ನು ಹೇಳದಿದ್ರೆ ಅವರು ಬಿಡ್ತಾ ಇರ್ಲಿಲ್ಲ. ಅಭ್ಯಾಸ ಆಗಿಹೋಗಿದೆ."

ನಾನು ಎಂಜಿನ್ ಚಾಲೂ ಮಾಡಿದೆ. ಕಾಸರಗೋಡು ದಾಟುವಾಗ ಅವನಿಗೆ, ಬಲಗಡೆ ನೋಡಿ ಹೆದ್ದಾರಿಯ ಸಂಕಗಳನ್ನು ಎಣಿಸುತ್ತ ಬಾ ಎಂದೆ. ಅವನು ಒಂದೊಂದಾಗಿ ಎಣಿಸಿದ. ನಾನು ಎಡಗಡೆಯ ಕಿಟಕಿಯತ್ತ ತಿರುಗದೆ ಕೇಳುತ್ತ ಕೂತೆ. ಐದೂ ಬಂದವು.